ಹಾರ್ಡ್ ಡಿಸ್ಕ್ ಎರರ್ ತೋರಿಸಿದರೆ ಮೊದಲು ರಿಪೇರಿಗೆ ಕೈ ಹಾಕಬೇಡಿ

ಕಳೆದ ಮಳೆಗಾಲದಲ್ಲಿ ಒಂದು ಹಾರ್ಡ್ ಡಿಸ್ಕನ್ನು ಕೈಯಾರೆ ಹಾಳು ಮಾಡಿಕೊಂಡೆ. ಅದು ಹೇಗೂ ಕೊನೆಗಾಲದಲ್ಲಿತ್ತು, ನಿಜ. ಆದರೆ ಒಳಗಿದ್ದದ್ದನ್ನು ಹೊರಗೆ ತೆಗೆದುಕೊಳ್ಳಲು ಎರಡು ವಾರ ಟೈಮ್ ಕೊಟ್ಟಿತ್ತು. ಆ ಟೈಮನ್ನು ನಾನು ರಿಪೇರಿ ಮಾಡಲು ಹೋಗಿ ಕಳೆದೆ.

ಒಂದು ಟಿಬಿಯ ಪುಟ್ಟ ಎಕ್ಸ್‌ಟರ್ನಲ್ ಡಿಸ್ಕ್, ಆರು ವರ್ಷ ಹಳೆಯದು. ಸಾಗರದ ಮನೆಗೂ ಬೆಂಗಳೂರಿನ ರೂಮಿಗೂ ಬ್ಯಾಗಿನಲ್ಲೇ ಓಡಾಡಿದ್ದು. ಟಿವಿಗೆ ಚುಚ್ಚಿ ಸಿನಿಮಾ ನೋಡಿ, ಇಜೆಕ್ಟ್ ಗಿಜೆಕ್ಟ್ ಏನೂ ಮಾಡದೆ ಸೀದಾ ಕಿತ್ತದ್ದೇ ಜಾಸ್ತಿ. ಅದರಲ್ಲಿ ತಂಗಿ ಮದುವೆಯ ಫೋಟೋಗಳಿದ್ದವು, ಅಪ್ಪನ ತೋಟದ ಪಹಣಿ ಸ್ಕ್ಯಾನ್‌ಗಳಿದ್ದವು. ಜೊತೆಗೆ ಅಜ್ಜಿ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುವ ನಲವತ್ತು ನಿಮಿಷದ ವಿಡಿಯೊ. ಪಹಣಿ ನಾಡಕಚೇರಿಗೆ ಹೋದರೆ ಮತ್ತೆ ಸಿಗುತ್ತದೆ. ಅಜ್ಜಿ ತೀರಿಕೊಂಡು ಮೂರು ವರ್ಷವಾಗಿತ್ತು. ಆ ವಿಡಿಯೊಗೆ ಇನ್ನೊಂದು ಕಾಪಿ ಇರಲಿಲ್ಲ.

ಮೊದಲ ಸೂಚನೆ ಸಣ್ಣದು. ಡಿಸ್ಕ್ ಹಾಕಿದ ತಕ್ಷಣ ವಿಂಡೋಸ್ ಮೂಲೆಯಲ್ಲಿ ಒಂದು ಮೆಸೇಜ್ ತೋರಿಸಿತು: ಈ ಡ್ರೈವ್‌ನಲ್ಲಿ ಏನೋ ತೊಂದರೆ ಇದೆ, ಸ್ಕ್ಯಾನ್ ಮಾಡಿ ಸರಿಪಡಿಸಿ. ಮುಚ್ಚಿಬಿಟ್ಟೆ. ನಾಲ್ಕು ದಿನ ಬಿಟ್ಟು ಫೋಟೋ ಕಾಪಿ ಮಾಡುವಾಗ ಸ್ಪೀಡು ದಡಕ್ಕನೆ ಸೊನ್ನೆಗೆ ಇಳಿಯಿತು. ಆ ಹಸಿರು ಪಟ್ಟಿ ಅಲ್ಲೇ ನಿಂತಿತು. ಆಮೇಲೆ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎಂಬ ಎರರ್ ಬಂತು. ಓದಿದ ಡೇಟಾ ಲೆಕ್ಕಕ್ಕೆ ತಾಳೆ ಆಗುತ್ತಿಲ್ಲ ಅಂತ ಅದರ ಅರ್ಥ. ಕೇಬಲ್ ಲೂಸ್ ಇರಬೇಕು ಅಂದುಕೊಂಡು ಬದಲಾಯಿಸಿದೆ. ಕೇಬಲ್ಲು, ಪೋರ್ಟು ಕೈಕೊಡುವುದೂ ಉಂಟು, ಹಾಗಾಗಿ ಅಷ್ಟು ಮಾಡಿದ್ದು ತಪ್ಪಲ್ಲ. ಆದರೆ ಬೇರೆ ಕೇಬಲ್ ಹಾಕಿದರೂ ಅದೇ ಕತೆ.

ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಫ್ರೀ ಸಾಫ್ಟ್‌ವೇರ್ ಹಾಕಿ ನೋಡಿದೆ. ಹಳದಿ ಬಣ್ಣದಲ್ಲಿ ‘ಕಾಷನ್’ ಎಂದು ತೋರಿಸಿತು. ಸಿ5 ಎಂಬ ಸಾಲಿನ ಕೊನೆಯಲ್ಲಿ ಎ8 ಎಂದಿತ್ತು. ಏನೋ ಕೋಡ್ ಅಂದುಕೊಂಡೆ. ಆ ಸಾಫ್ಟ್‌ವೇರ್ ಅಂಕಿಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ಸೆಟ್ಟಿಂಗ್ ಬದಲಾಯಿಸಿದರೆ ಮಾತ್ರ ನಮ್ಮ ಅಂಕಿ ಬರುತ್ತದೆ. ಎ8 ಅಂದರೆ 168. ಓದಲು ಆಗದೆ, ಮುಂದೆ ನೋಡೋಣ ಎಂದು ಡಿಸ್ಕ್ ಗುರುತು ಹಾಕಿಟ್ಟ ಸೆಕ್ಟರ್‌ಗಳು, ಅಂದರೆ ಡೇಟಾ ಕೂರುವ ಪುಟ್ಟ ಜಾಗಗಳು, ಅಷ್ಟು. ಈ ಸಾಲು ಸೊನ್ನೆ ಇರಬೇಕು. ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಹೋಗುತ್ತಿದೆ ಎಂದೇ ಲೆಕ್ಕ. ಮಾರನೇ ದಿನ ನನ್ನದು 200 ದಾಟಿತ್ತು.

ಅವತ್ತೇ ಅಜ್ಜಿಯ ವಿಡಿಯೊ ಒಂದನ್ನಾದರೂ ಎಳೆದುಕೊಂಡಿದ್ದರೆ ಈ ಬರಹವೇ ಬೇಕಿರಲಿಲ್ಲ. ನಾನು ಮಾಡಿದ್ದು ಏನು ಗೊತ್ತಾ? ಯಾವುದೋ ವಿಡಿಯೊ ನೋಡಿ, ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ ತೆರೆದು, ಚೆಕ್‌ಡಿಸ್ಕ್ ಎಂಬ ವಿಂಡೋಸ್ ರಿಪೇರಿ ಕಮಾಂಡ್‌ಗೆ ‘ಆರ್’ ಸೇರಿಸಿ ಎಂಟರ್ ಒತ್ತಿ ಮಲಗಿದೆ.

ಚೆಕ್‌ಡಿಸ್ಕ್‌ಗೆ ನಿಮ್ಮ ಫೋಟೋ, ವಿಡಿಯೊ ಮುಖ್ಯ ಅಲ್ಲ. ಫೈಲ್ ಸಿಸ್ಟಮ್‌ನ, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯ ಲೆಕ್ಕ ಸರಿಹೋದರೆ ಅದರ ಕೆಲಸ ಮುಗಿಯಿತು. ಹರಿದ ಪುಟ ಕಿತ್ತು ಬಿಸಾಡಿ ಪುಸ್ತಕ ಸರಿಮಾಡಿದೆ ಎನ್ನುವ ಗುಮಾಸ್ತನ ಹಾಗೆ. ‘ಆರ್’ ಸೇರಿಸಿದರೆ ಡಿಸ್ಕ್‌ನ ಒಂದೊಂದು ಸೆಕ್ಟರನ್ನೂ ಓದಿಸುತ್ತದೆ. ಓದಲು ಆಗದ ಜಾಗದಲ್ಲಿ ಮತ್ತೆ ಮತ್ತೆ ತಡಕಾಡುತ್ತದೆ. ಏದುಸಿರು ಬಿಡುತ್ತಿರುವವನನ್ನು ಆಗುಂಬೆ ಘಾಟಿ ಹತ್ತಿಸಿದ ಹಾಗೆ ಇದು. ಬೆಳಗ್ಗೆ ಎದ್ದಾಗ ಪರದೆ ತುಂಬ ಒಂದೇ ಮಾತು: ಇಂಥ ಫೈಲಿನ ಕೆಟ್ಟ ಕ್ಲಸ್ಟರ್ (ಸೆಕ್ಟರ್‌ಗಳ ಗುಂಪು) ಬದಲಾಯಿಸಿದೆ. ಬದಲಾಯಿಸಿದೆ ಅಂದರೆ ಹೊಸ ಜಾಗ ಕೊಟ್ಟಿದೆ ಅಷ್ಟೇ, ಅಲ್ಲಿದ್ದ ಡೇಟಾ ಹೋಯಿತು. ಎಷ್ಟೋ ಫೋಲ್ಡರ್‌ಗಳ ಹೆಸರೇ ಕಾಣಲಿಲ್ಲ. ಅವುಗಳ ಬದಲು ‘ಫೌಂಡ್’ ಎಂಬ ಫೋಲ್ಡರಿನೊಳಗೆ ಹೆಸರಿಲ್ಲದ ತುಂಡುಗಳು. ಡಿಸ್ಕ್ ಒಳಗಿಂದ ಟಕ್… ಟಕ್… ಎಂಬ ಸದ್ದು ಬೇರೆ ಶುರುವಾಗಿತ್ತು.

ಆಮೇಲೆ ಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ಒಯ್ದೆ. ಹುಡುಗ ಒಳ್ಳೆಯವನೇ. “ಸಾರ್, ಒಂದ್ಸಲ ಫಾರ್ಮ್ಯಾಟ್ ಹೊಡ್ದು ರಿಕವರಿ ಹಾಕೋಣ, ಎಲ್ಲಾ ಬರತ್ತೆ” ಅಂದ. ‘ಕ್ವಿಕ್’ ಎಂಬ ಟಿಕ್ ಕೂಡ ತೆಗೆದಿದ್ದ, ನೀಟಾಗಿ ಆಗಲಿ ಅಂತ! ವಿಂಡೋಸ್ ವಿಸ್ಟಾದಿಂದ ಈಚೆಗೆ ಆ ಟಿಕ್ ತೆಗೆದು ಫಾರ್ಮ್ಯಾಟ್ ಮಾಡಿದರೆ ಇಡೀ ಡಿಸ್ಕ್ ಮೇಲೆ ಸೊನ್ನೆ ಬರೆಯುತ್ತದೆ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರಿಗೂ ಏನೂ ಸಿಗುವುದಿಲ್ಲ. ಆಗದಿದ್ದರೆ ಮುಚ್ಚಳ ಬಿಚ್ಚಿ ನೋಡೋಣ ಅಂತಲೂ ಅಂದ. ಒಳಗಿನ ತಟ್ಟೆಗೂ ಓದುವ ಹೆಡ್‌ಗೂ ನಡುವೆ ಕೂದಲೆಳೆಯಷ್ಟೂ ಜಾಗ ಇರುವುದಿಲ್ಲ, ಅಲ್ಲಿ ಅಂಗಡಿಯ ಧೂಳು ಹೊಕ್ಕರೆ ಕತೆ ಮುಗಿಯಿತು. ಅವನು ಫಾರ್ಮ್ಯಾಟ್ ಒತ್ತುವ ಮೊದಲೇ ಡಿಸ್ಕನ್ನು ಇಸ್ಕೊಂಡು ಹೊರಟೆ.

ಉಳಿಸಿದ್ದು ತಂಗಿಯ ಗಂಡ. ವಿಂಡೋಸ್ ಬದಲು ಲಿನಕ್ಸ್ ಬಳಸುವವನು. “ಭಾವ, ಅದನ್ನ ಇನ್ನು ಆನ್ ಮಾಡ್ಬೇಡಿ, ಅದಕ್ಕಿಂತ ದೊಡ್ಡ ಹೊಸ ಡಿಸ್ಕ್ ಒಂದು ತನ್ನಿ” ಅಂದ. ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮ್ ಹಾಕಿದ. ಅದು ಸುಲಭವಾಗಿ ಓದಲು ಬರುವ ಭಾಗವನ್ನೆಲ್ಲ ಮೊದಲು ಎಳೆದುಕೊಳ್ಳುತ್ತದೆ, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ. ಎಲ್ಲಿಯವರೆಗೆ ಆಯಿತು ಎಂದು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ನಮ್ಮ ಕಡೆ ಮಳೆಗಾಲದ ಕರೆಂಟ್ ಗೊತ್ತಲ್ವಾ, ಮೂರು ದಿನದಲ್ಲಿ ಏಳು ಸಲ ಹೋಯಿತು. ಪ್ರತಿಸಲವೂ ನಿಂತಲ್ಲಿಂದಲೇ ಮುಂದುವರಿಯಿತು. ಇಡೀ ಡಿಸ್ಕ್‌ನ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೆ ಕಾಪಿ, ಹೊಸದರಲ್ಲಿ ಆದ ಮೇಲೆ ಆ ಕಾಪಿಯ ಮೇಲೆ ರಿಪೇರಿ ಆಟ ಆಡಿದೆವು. ಆ ಟಕ್ ಸದ್ದಿನಲ್ಲೂ ಇಷ್ಟು ಸಿಕ್ಕಿದ್ದು ನಮ್ಮ ಅದೃಷ್ಟ. ಸದ್ದು ಬಂದರೆ ಮನೆಯಲ್ಲಿ ಏನೂ ಮಾಡದೆ, ಧೂಳಿಲ್ಲದ ಕ್ಲೀನ್ ರೂಮ್ ಇರುವ ಲ್ಯಾಬಿಗೆ ಕಳಿಸಿ ಅನ್ನುತ್ತಾನೆ ಅವನು. ಖರ್ಚು ಡಿಸ್ಕ್ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ, ಅದಕ್ಕೆ ತಯಾರಿರಿ. ವಾರಂಟಿ ನಂಬಿಕೊಂಡರೆ ಹೊಸ ಡಿಸ್ಕ್ ಬರಬಹುದು, ಡೇಟಾ ಬರುವುದಿಲ್ಲ.

ಮದುವೆ ಫೋಟೋ ಮುಕ್ಕಾಲು ಪಾಲು ಸಿಕ್ಕಿತು. ಕೆಲವು ಅರ್ಧ ಮಾತ್ರ, ಕೆಳಗೆ ಬರೀ ಬೂದು ಬಣ್ಣ.

ಅಜ್ಜಿಯ ವಿಡಿಯೊ ತೆರೆಯುತ್ತದೆ. ಕೆಮ್ಮಣ್ಣು ಬಳಿದ ಗೋಡೆ, ಪಕ್ಕದಲ್ಲಿ ಅಕ್ಕಿ ಹಿಟ್ಟಿನ ಬಟ್ಟಲು. ಪುಂಡಿ ನಾರನ್ನು ಹಲ್ಲಲ್ಲಿ ಕಚ್ಚಿ ಸೀಳಿ ಕುಂಚ ಕಟ್ಟುತ್ತಾಳೆ. “ಹೀಂಗೆ ಹಿಡ್ಕಬೇಕು ನೋಡು” ಅನ್ನುತ್ತಾಳೆ. ಆರನೇ ನಿಮಿಷಕ್ಕೆ ನಿಂತುಬಿಡುತ್ತದೆ. ಮುಂದಿನದನ್ನು ವಿಡಿಯೊ ತೆಗೆದ ದಿನವೇ ವಾಟ್ಸಾಪಿನಲ್ಲಿ ಚಿಕ್ಕಮ್ಮನಿಗೆ ಸ್ವಲ್ಪ ಕಳಿಸಿದ್ದೆ ಅಂತ ನೆನಪು. ಅವರ ಹಳೇ ಫೋನ್ ಅಟ್ಟದ ಮೇಲಿನ ಡಬ್ಬದಲ್ಲಿದೆಯಂತೆ. ಭಾನುವಾರ ಹೋಗಿ ನೋಡಬೇಕು.