ಕರಾವಳಿಯ ಹಳೆಯ 1613: ಎಂಜಿನ್ ಗಟ್ಟಿ, ಚಾಸಿ ಸಂಶಯ

ಟಾಟಾ 1613 ಲಾರಿ ಅಂದರೆ ಸರಕು ಸೇರಿ ಹದಿನಾರು ಟನ್ ತೂಕ, ನೂರಾ ಮೂವತ್ತು ಕುದುರೆ ಶಕ್ತಿ. ಕಮಿನ್ಸ್ 6ಬಿಟಿ ಎಂಜಿನ್ನಿನ ಹಳೆಯ ಗಾಡಿ ಕೊಳ್ಳಲು ಬಂದವರು ಮೊದಲು ಮೀಟರ್ ನೋಡುತ್ತಾರೆ. ಸುಮ್ಮನೆ ನೋಡಿದ ಹಾಗೆ ಅಷ್ಟೆ. ಕೇಬಲ್ ಕಳಚಿ ಓಡಿಸಿದ್ದರೆ ಅದಕ್ಕೇನು ಗೊತ್ತು? ಆರು ಸಿಲಿಂಡರಿನ ಈ 5.9 ಲೀಟರ್ ಎಂಜಿನ್ನಿಗೆ ಲಕ್ಷಗಟ್ಟಲೆ ಕಿಲೋಮೀಟರ್ ದೊಡ್ಡ ಮಾತೂ ಅಲ್ಲ. ಡೀಸೆಲ್ ಪಂಪ್ ಪೂರ್ತಿ ಮೆಕ್ಯಾನಿಕಲ್, ಸೆನ್ಸರಿನ ರಗಳೆ ಇಲ್ಲ.

ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ, ಆಯಿಲ್ ಮುಚ್ಚಳ ತೆಗೆಯಿರಿ. ತೆಳು ಹಬೆ ಪರವಾಗಿಲ್ಲ. ಬುಸುಬುಸು ಹೊಗೆ ಒತ್ತಿ ಬಂದರೆ ಪಿಸ್ಟನ್ ರಿಂಗ್ ಸವೆದಿವೆ. ಈ ಎಂಜಿನ್ ಬ್ಲಾಕಿಗೆ ಲೈನರ್ (ಸಿಲಿಂಡರಿನೊಳಗೆ ಕೂರುವ ಬೇರೆ ಕೊಳವೆ) ಇಲ್ಲ ಎಂಬುದು ನೆನಪಿರಲಿ: ಹಳೆಯದು ಕಿತ್ತು ಹೊಸದು ಕೂರಿಸಿ ಮುಗಿಸುವಂತಿಲ್ಲ, ಸಿಲಿಂಡರನ್ನೇ ಕೊರೆಸಿ ಅಗಲ ಮಾಡಿಸಿ (ಬೋರ್ ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಬರೀ ಟಕಟಕ ಸದ್ದಾದರೆ ಮೊದಲು ಟ್ಯಾಪೆಟ್, ಅಂದರೆ ವಾಲ್ವಿನ ಸಂದು, ನೋಡಿಸಿ. ಇನ್‌ಟೇಕ್ 0.25, ಎಗ್ಸಾಸ್ಟ್ 0.50 ಮಿ.ಮೀ., ತಣ್ಣನೆಯ ಎಂಜಿನ್ನಿನಲ್ಲಿ.

ಗಾಡಿ ಸಾಯುವುದು ಚಾಸಿಯಲ್ಲಿ, ಅಂದರೆ ಬಾಡಿ ಹೊರುವ ಉಕ್ಕಿನ ಚೌಕಟ್ಟಿನಲ್ಲಿ. ಉಪ್ಪುಗಾಳಿಯದು ಒಂದು ಪಾಲು. ಮೀನಿನ ಗಾಡಿಯಾದರೆ ಐಸ್ ಕರಗಿದ ಉಪ್ಪುನೀರು ಹಲಗೆ ಸಂದಿಯಲ್ಲಿ ಇಳಿದು, ಬಾಡಿಗೂ ಚಾಸಿಗೂ ನಡುವಿನ ಮರದ ತೊಲೆಯನ್ನು ಸೇರುತ್ತದೆ. ಮರ ಕುಡಿದ ನೀರು ಮಳೆಗಾಲವಿಡೀ ಆರುವುದಿಲ್ಲ, ಅದರಡಿ ಉಕ್ಕು ಪದರಪದರವಾಗಿ ಏಳುತ್ತದೆ. ಮೇಲಿಂದ ಏನೂ ಕಾಣದು. ಹಿಂದಿನ ಪಾಟಾ (ಸ್ಪ್ರಿಂಗ್ ಪಟ್ಟಿ) ಬ್ರಾಕೆಟ್ ಸುತ್ತ, ಕ್ರಾಸ್ ಮೆಂಬರಿನ (ಚಾಸಿಯ ಅಡ್ಡಪಟ್ಟಿ) ರಿವಿಟ್ ಸುತ್ತ ಸುತ್ತಿಗೆಯಿಂದ ಬಡಿಯಿರಿ. ಠಣ್ಣೆಂದರೆ ಉಕ್ಕು ಉಳಿದಿದೆ, ಬೊದ್ದೆಂದರೆ ತುಕ್ಕು. ನಿನ್ನೆ ಮೊನ್ನೆ ಕಪ್ಪು ಬಣ್ಣ ಬಳಿದ ಚಾಸಿಗೆ ಇನ್ನೆರಡು ಪೆಟ್ಟು ಜಾಸ್ತಿಯೇ ಹಾಕಿ. ಬಿರುಕಿನ ಮೇಲೆ ಪಟ್ಟಿ ವೆಲ್ಡ್ ಮಾಡಿದ್ದು ಕಂಡರೆ ಚಹಾ ಕುಡಿದು ವಾಪಸ್ ಬನ್ನಿ.

ಬ್ರೇಕಿಗೆ ಗಾಳಿ ಕೊಡುವ ಏರ್ ಟ್ಯಾಂಕಿಗೆ ತುಕ್ಕು ಒಳಗಿಂದ. ಇಲ್ಲಿಯ ತೇವಕ್ಕೆ ದಿನಾ ಡ್ರೈನ್ ಮಾಡಲೇಬೇಕು. ಕೆಂಪು ನೀರು ಇಳಿದರೆ ಬ್ರೇಕ್ ವಾಲ್ವುಗಳನ್ನೂ ಬಿಚ್ಚಿಸಿ ನೋಡಿ. ಗಾಳಿ ತುಂಬಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ, ಗೇಜಿನ ಮುಳ್ಳು ಕಣ್ಣೆದುರೇ ಇಳಿಯಬಾರದು. ಅರಬೈಲ್, ದೇವಿಮನೆ ಘಟ್ಟ ಇಳಿದಿಳಿದು ಕಾದ ಬ್ರೇಕ್ ಡ್ರಮ್ಮುಗಳಲ್ಲಿ ಕೂದಲೆಳೆಯ ಬಿರುಕು ಇರುತ್ತದೆ. ಬಿರುಕು ಆಳಕ್ಕೆ ಇಳಿದಿದ್ದರೆ ಹೊಸ ಬ್ರೇಕ್ ಲೈನರ್ ಹಾಕಿಯೂ ಉಪಯೋಗವಿಲ್ಲ, ಡ್ರಮ್ಮೇ ಬದಲಿಸಬೇಕು.

ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ವರ್ಷವರ್ಷ, ಆ ಖರ್ಚನ್ನೂ ಬೆಲೆಯಲ್ಲಿ ಹಿಡಿಯಿರಿ. ಒಂದೇ ಬೆಲೆಗೆ ಎರಡು ಸಿಕ್ಕಿ, ಒಂದು ಸ್ವಲ್ಪ ಹೊಗೆಯಾಡುವ, ಶಿರಸಿಯಲ್ಲಿ ಅಡಿಕೆ ಹೊತ್ತ ಗಾಡಿ, ಇನ್ನೊಂದು ಎಂಜಿನ್ ಗಡಿಯಾರದಂತಿರುವ ಮೀನಿನ ಗಾಡಿ ಎಂದಾದರೆ, ಹೊಗೆಯದ್ದೇ ಇರಲಿ.