ಬಾಬಿನ್ ಟೆನ್ಷನ್ ಗೇಜ್: ಆರು ತಿಂಗಳ ಬಳಕೆಯ ನಂತರ

ರವಿಕೆಯ ತೋಳಿಗೆ ಮಷಿನ್‌ನಲ್ಲಿ ಬುಟ್ಟಾ ಹಾಕುವಾಗ ಮೆರೂನ್ ದಾರದ ಅಂಚಿನಲ್ಲಿ ಬಾಬಿನ್‌ನ (ಮಷಿನ್‌ನ ಕೆಳಭಾಗದ ಪುಟ್ಟ ಉರುಳೆಯ) ಬಿಳಿ ದಾರ ಇಣುಕಿದರೆ, ನಮ್ಮಲ್ಲಿ ಹೆಚ್ಚಿನವರ ಕೈ ಮೊದಲು ಹೋಗುವುದು ಮೇಲಿನ ದಾರದ ಬಿಗಿತ ಹೊಂದಿಸುವ ಟೆನ್ಷನ್ ನಾಬ್‌ಗೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಸಡಿಲಿಸಿದರೆ ಹಿಂಬದಿಯಲ್ಲಿ ಕುಣಿಕೆ ಬೀಳುತ್ತಿತ್ತು, ಮತ್ತೆ ಬಿಗಿ ಮಾಡಿದರೆ ಬಿಳಿ ಇನ್ನಷ್ಟು ಮೇಲೆದ್ದು ಬರುತ್ತಿತ್ತು. ಬೇಸತ್ತು ಆರು ತಿಂಗಳ ಹಿಂದೆ ಬಾಬಿನ್ ದಾರದ ಬಿಗಿತ ಅಳೆಯುವ ಟೋವಾ ಕಂಪನಿಯ ಗೇಜ್ ತರಿಸಿದೆ.

ಬಾಬಿನ್ ಕೇಸನ್ನು (ಬಾಬಿನ್ ಕೂರುವ ಲೋಹದ ಗೂಡನ್ನು) ಇದರಲ್ಲಿ ಕೂರಿಸಿ, ದಾರವನ್ನು ಪುಟ್ಟ ಗಾಲಿಯ ಮೇಲೆ ಸುತ್ತಿ, ನಿಧಾನವಾಗಿ ಒಂದೇ ವೇಗದಲ್ಲಿ ಎಳೆದರೆ ಸೆಳೆತ ಎಷ್ಟು ಗ್ರಾಂ ಇದೆಯೆಂದು ಮುಳ್ಳು ತೋರಿಸುತ್ತದೆ. 60ರ ನಂಬರಿನ (ತೆಳು) ಪಾಲಿಯೆಸ್ಟರ್ ಬಾಬಿನ್ ದಾರಕ್ಕೆ ನಾನು 18ರಿಂದ 22 ಗ್ರಾಂ ಇಟ್ಟುಕೊಳ್ಳುತ್ತೇನೆ. ಮೊದಲ ದಿನ ಮುಳ್ಳು 12ರ ಆಸುಪಾಸಿನಲ್ಲಿ ಕುಣಿಯುತ್ತಲೇ ಇತ್ತು. ಬಿಗಿತ ಹೊಂದಿಸುವ ಕೇಸಿನ ಸ್ಕ್ರೂ ಮುಟ್ಟುವ ಮೊದಲು, ದಾರವನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಪಟ್ಟಿಯ ಕೆಳಗೆ ಹಳೆಯ ವಿಸಿಟಿಂಗ್ ಕಾರ್ಡಿನ ಮೂಲೆಯನ್ನು ಎಳೆದಾಡಿದೆ. ಅಕ್ಕಿಕಾಳಿನಷ್ಟು ದಾರದ ಜುಂಗು ಹೊರಬಂತು, ಮುಳ್ಳು 19ಕ್ಕೆ ಬಂದು ನಿಂತಿತು. ತಿಂಗಳುಗಟ್ಟಲೆ ನಾಬ್ ತಿರುವಿದ್ದೆಲ್ಲ ಈ ಜುಂಗಿಗಾಗಿಯೇ ಎಂದು ನಗು ಬಂತು.

ಸ್ಕ್ರೂ ತಿರುಗಿಸಲೇಬೇಕಾದರೆ ಗಡಿಯಾರದ ಐದು ನಿಮಿಷದಷ್ಟು ಮಾತ್ರ ತಿರುಗಿಸಿ ಮತ್ತೆ ಅಳೆಯುವುದು ಒಳ್ಳೆಯದು.

ಆದರೆ ಈ ಗೇಜ್ ಅಳೆಯುವುದು ಕೆಳಗಿನ ದಾರವನ್ನು ಮಾತ್ರ. ಮೇಲಿನ ದಾರ ಸರಿಯಿದೆಯೇ ಎಂದು ತಿಳಿಯಲು ಸ್ಯಾಟಿನ್ ಹೊಲಿಗೆಯ (ಒತ್ತೊತ್ತಾದ ಅಡ್ಡ ಹೊಲಿಗೆಯ) ಒಂದು ಪಟ್ಟಿ ಹೊಲಿದು ಬಟ್ಟೆಯನ್ನು ಮಗುಚಿ ನೋಡಲೇಬೇಕು: ನಡುವಿನ ಮೂರನೇ ಒಂದು ಭಾಗ ಬಿಳಿಯಾಗಿದ್ದು, ಎರಡೂ ಬದಿಗೆ ಬಣ್ಣ ಸಮನಾಗಿ ಬಂದಿರಬೇಕು. ಜರಿ ದಾರ ಹಾಕಿದ ದಿನವಂತೂ ಮೇಲಿನ ಟೆನ್ಷನ್ ಇಳಿಸಿ, ಕಣ್ಣು ದೊಡ್ಡದಿರುವ ಸೂಜಿ ಹಾಕಿ, ವೇಗ ತಗ್ಗಿಸುವುದೇ ದಾರಿ.

ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಎಲ್ (ಚಿಕ್ಕ) ಅಳತೆಯ ಕೇಸಿಗೂ ಎಂ (ದೊಡ್ಡ) ಅಳತೆಯ ಕೇಸಿಗೂ ಗೇಜ್ ಬೇರೆ ಬೇರೆ. ಮಾರಿದವರು ವಿಚಾರಿಸದೆ ಕಳುಹಿಸಿದ್ದರಿಂದ ನಾನು ಒಮ್ಮೆ ಹಿಂದಿರುಗಿಸಬೇಕಾಯಿತು. ಮೇಲಿನಿಂದ ಬಾಬಿನ್ ಹಾಕುವ, ಪ್ಲಾಸ್ಟಿಕ್ ಕೇಸಿನ ಮನೆಬಳಕೆಯ ಮಷಿನ್‌ಗಳಿಗೆ ಇದು ಹೊಂದುವುದಿಲ್ಲ. ಒಂದೇ ಕೇಸು, ಒಂದೇ ಬಗೆಯ ದಾರ ಬಳಸುವವರು ಕೇಸನ್ನು ದಾರದಿಂದ ತೂಗುಬಿಟ್ಟು ಮೆಲ್ಲನೆ ಜಗ್ಗಿ, ಒಂದೆರಡು ಅಂಗುಲ ಜಾರಿ ನಿಲ್ಲುತ್ತದೆಯೇ ಎಂದು ನೋಡಿಕೊಂಡರೆ ಸಾಕು, ಹಣ ಉಳಿಯುತ್ತದೆ. ನನ್ನಂತೆ ಮೂರು ನಾಲ್ಕು ಕೇಸುಗಳನ್ನು ಬದಲಿಸುತ್ತಾ ಮದುವೆ ಕಾಲದ ರವಿಕೆಗಳನ್ನು ಮುಗಿಸಬೇಕಾದವರು ಧಾರಾಳವಾಗಿ ಕೊಳ್ಳಬಹುದು.