ಸೂಳೆಕೆರೆ ಏರಿ: ಐದಕ್ಕೆ ನಾಲ್ಕು ಸ್ಟಾರ್

ಚನ್ನಗಿರಿಯಿಂದ ಬೈಕಿನಲ್ಲಿ ಹೋಗಿದ್ದೆವು. ಹೆಸರು ಶಾಂತಿಸಾಗರ ಅಂತಿದ್ದರೂ ನಮ್ಮ ಕಡೆ ಯಾರೂ ಹಾಗೆ ಕರೆಯುವುದಿಲ್ಲ. ಕೆರೆ ನೋಡಿದರೆ ಸಮುದ್ರ, ಏರಿ ನೋಡಿದರೆ ಇಷ್ಟೇನಾ ಅನಿಸುತ್ತದೆ. ಜಾಣತನ ಇರುವುದೇ ಅಲ್ಲಿ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಮಣ್ಣು ಹಾಕಿ ಹರಿದ್ರಾ ಹೊಳೆಯನ್ನು ನಿಲ್ಲಿಸಿದ್ದಾರೆ. ಸಿಮೆಂಟೇ ಇಲ್ಲದ ಕಾಲದ ಕೆಲಸ! ಸಿದ್ಧ, ಬಸವ ಅಂತ ಎರಡು ತೂಬು. ಗದ್ದೆ, ತೋಟಕ್ಕೆ ನೀರು ಹೋಗುವುದು ಅಲ್ಲಿಂದಲೇ. ಚಿತ್ರದುರ್ಗದವರು ಕುಡಿಯುವುದೂ ಇದೇ ನೀರು.

ಗಟ್ಟಿ ಇದೆಯಾ ಅಂತ ಹೆಂಡತಿ ಕೇಳಿದಳು. ನಾನು ಇಂಜಿನಿಯರ್ ಅಲ್ಲ, ಕೆರೆ ಕೆಳಗೆ ಗದ್ದೆ ಮಾಡಿದವನು. ಅಪ್ಪ ಹೇಳಿಕೊಟ್ಟಿದ್ದು ಇಷ್ಟು: ಏರಿಯ ಹಿಂಬದಿ ತಿಳಿನೀರು ಒಸರಿದರೆ ಕಣ್ಣಿಡು, ಕೆಂಪು ನೀರು ಬಂದರೆ ಓಡು. ಒಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ ಅಂತ ಅರ್ಥ. ಮರದ ಬೇರು, ಹೆಗ್ಗಣದ ಬಿಲವೂ ಅಷ್ಟೇ ಅಪಾಯ. ಅದಕ್ಕೇ ಏರಿ ಮೇಲೆ ಗಿಡ ಬೆಳೆಯಲು ಬಿಡಬಾರದು, ಚೆಂದ ಕಾಣುತ್ತೆ ಅಂತ ಸುಮ್ನೆ ಇರಬಾರದು.

ಸಂಜೆ ಗಾಳಿ ಸೂಪರ್. ಒಂದು ಸ್ಟಾರ್ ಕಿತ್ತಿದ್ದು ಪ್ಲಾಸ್ಟಿಕ್ ಕಸಕ್ಕೆ. ಮಂಡಕ್ಕಿ, ಮಿರ್ಚಿ ಮನೆಯಿಂದಲೇ ಒಯ್ಯಿರಿ. ನಾವು ತಿಂದ ಮಿರ್ಚಿ ತಣ್ಣಗಿತ್ತು, ರೇಟು ಮಾತ್ರ ಜಾಸ್ತಿ.